ಗುರುತು ಕೇಳದ ಮಹಾಶಯನ ಸಂದರ್ಶನ

ವೈಫೈಗೆ ಸೇರಿದ ಟಿವಿ, ಫೋನು, ಕ್ಯಾಮೆರಾಗಳು ಒಂದನ್ನೊಂದು ಹುಡುಕಿಕೊಳ್ಳುವ ವಿಧಾನಗಳಲ್ಲಿ ಎಸ್‌ಎಸ್‌ಡಿಪಿ ಹಳೆಯದು. ಅದು ಯುಪಿಎನ್‌ಪಿ ಎಂಬ ನಿಯಮಾವಳಿಗಳ ಬಳಗಕ್ಕೆ ಸೇರಿದ್ದು. 2024ರ ಡಿಸೆಂಬರಿನಲ್ಲಿ ತೆಲಂಗಾಣದ ಇಂಟರ್ನೆಟ್ ಯೋಜನೆ ಟಿ-ಫೈಬರ್ ಪ್ರಾಯೋಗಿಕವಾಗಿ ಶುರುವಾದ ಹಳ್ಳಿಗಳಲ್ಲಿ ನಾರಾಯಣಪೇಟೆ ಜಿಲ್ಲೆಯ ಮದ್ದೂರೂ ಇತ್ತು. ಹೀಗಾಗಿ ಈ ಗಡಿನಾಡಿನ ಮನೆಗಳಲ್ಲಿ ಎಸ್‌ಎಸ್‌ಡಿಪಿಗೆ ಇನ್ನು ಕೆಲಸ ಜಾಸ್ತಿ. ಈ ಕಾಲ್ಪನಿಕ ಸಂದರ್ಶನ ನಡೆದದ್ದು ನಾರಾಯಣಪೇಟೆಯಲ್ಲಿ, ಕೆಳಗೆ ಸೀರೆ ಅಂಗಡಿ ಮೇಲೆ ಮನೆ ಇರುವ ಕಟ್ಟಡದ ರೌಟರಿನೊಳಗೆ. ಎಸ್‌ಎಸ್‌ಡಿಪಿ ತನ್ನನ್ನು ‘ನಾನು’ ಎನ್ನುವುದಿಲ್ಲ, ಸುತ್ತೋಲೆಗಳ ಸಹವಾಸವಿರಬೇಕು.

ಪ್ರಶ್ನೆ: ತಮ್ಮ ಕೆಲಸ?

ಉತ್ತರ: ಫೋನು 239.255.255.250 ಎಂಬ ಸಮೂಹ ವಿಳಾಸದ 1900ನೇ ಪೋರ್ಟಿಗೆ ‘ಯಾರಿದ್ದೀರಿ?’ ಎಂದು ಕೂಗುತ್ತದೆ. ಇದ್ದವರು ಓಗೊಡುತ್ತಾರೆ. ಅಷ್ಟೇ.

ಪ್ರಶ್ನೆ: ಮಹಡಿಯ ಟಿವಿ ಒಮ್ಮೊಮ್ಮೆ ಕಾಣುವುದೇ ಇಲ್ಲ.

ಉತ್ತರ: ಕೂಗು ಹೋಗುವುದು ಯುಡಿಪಿಯಲ್ಲಿ, ತಲುಪಿತೆಂಬ ರಸೀದಿ ಬರುವುದಿಲ್ಲ. ಅಂಗಡಿಗೊಂದು, ಮನೆಗೊಂದು ಪ್ರತ್ಯೇಕ ಜಾಲ ಮಾಡಿಕೊಂಡರೆ ಕೂಗು ಆಚೆ ದಾಟುವುದೂ ಇಲ್ಲ. ಕರೆಂಟು ಹೋದ ಟಿವಿ ವಿದಾಯ ಹೇಳದೆ ಹೋಗುತ್ತದೆ, ಹೆಸರು ಅರ್ಧ ಗಂಟೆ ಪಟ್ಟಿಯಲ್ಲೇ ಉಳಿದೀತು. ಮತದಾರರ ಪಟ್ಟಿಗಿಂತ ಇದು ಎಷ್ಟೋ ವಾಸಿ.

ಪ್ರಶ್ನೆ: ಕೂಗಿದವರು ಯಾರೆಂದು ವಿಚಾರಿಸುವುದಿಲ್ಲವೇ?

ಉತ್ತರ: ಆ ಪದ್ಧತಿಯಿಲ್ಲ. ಜಾಲದೊಳಗೆ ಬಂದವರೆಲ್ಲ ಮನೆಯವರೇ. ವೈಫೈ ಪಾಸ್‌ವರ್ಡನ್ನು ಮಕ್ತಲಿನ ಬೀಗರಿಗೆ, ಗದ್ವಾಲಿನಿಂದ ಮಾಲು ತಂದ ಹುಡುಗನಿಗೆ, ಸೀರೆ ನೋಡಿ ಬರಿಗೈಯಲ್ಲಿ ಹೋದ ಗಿರಾಕಿಗೆ ಕೊಟ್ಟದ್ದು ಮಾಲೀಕರ ಔದಾರ್ಯ, ಎಸ್‌ಎಸ್‌ಡಿಪಿಯದಲ್ಲ.

ಪ್ರಶ್ನೆ: ಹೊರಬಾಗಿಲು ತೆಗೆಯುವುದೂ ತಾವೇ ಎನ್ನುತ್ತಾರೆ.

ಉತ್ತರ: ಅದು ಯುಪಿಎನ್‌ಪಿಯದೇ ಇನ್ನೊಂದು ಭಾಗವಾದ, ರೌಟರಿನಲ್ಲಿರುವ ಐಜಿಡಿಯ ಖಾತೆ. ಹೊರಗಿನಿಂದ ಒಳಬರಲು ಪೋರ್ಟ್ ತೆರೆ ಎಂದು ಕ್ಯಾಮೆರಾ ಕೇಳಿದರೆ ಸಾಮಾನ್ಯವಾಗಿ ಪಾಸ್‌ವರ್ಡ್ ಕೇಳದೆ ತೆರೆಯುತ್ತದೆ. ಕ್ಯಾಮೆರಾದೊಳಗೆ ಹೊಕ್ಕ ಕಳ್ಳ ತಂತ್ರಾಂಶ ಕೇಳಿದರೂ ತೆರೆಯುತ್ತದೆ. ಭೇದಭಾವವಿಲ್ಲ.

ಪ್ರಶ್ನೆ: ಊರಾಚೆಯ ಅಪರಿಚಿತರಿಗೂ ಉತ್ತರ ಕೊಟ್ಟ ಆರೋಪವಿದೆ.

ಉತ್ತರ: 2013ರಲ್ಲಿ ರ‍್ಯಾಪಿಡ್7 ಸಂಸ್ಥೆ ಇಂಟರ್ನೆಟ್ಟಿನಲ್ಲಿ ಕೂಗಿ ನೋಡಿತು, 8 ಕೋಟಿಗೂ ಹೆಚ್ಚು ಐಪಿ ವಿಳಾಸಗಳು ಓಗೊಟ್ಟವು. ಮನೆಯೊಳಗಿನ ಮಾತನ್ನು ಬೀದಿಗೆ ಕೇಳುವಂತೆ ಬಿಟ್ಟವರು ತಯಾರಕರು. ಕೂಗುವವರು ಬೇರೆಯವರ ವಿಳಾಸ ಕೊಟ್ಟು ಕೂಗಿದರೆ, ಪ್ರಶ್ನೆಯ ಸುಮಾರು 30 ಪಟ್ಟು ದಟ್ಟಣೆ ಆ ಅಮಾಯಕರ ಮೇಲೆ ಬೀಳುತ್ತದೆ. ದಾಳಿಕೋರರಿಗೆ ಇದು ಬಹಳ ಹಿಡಿಸಿತು.

ಪ್ರಶ್ನೆ: ಸಾಧನ ಹುಡುಕುವ ಇನ್ನೊಂದು ವಿಧಾನವಾದ ಎಂಡಿಎನ್‌ಎಸ್ ತಮಗಿಂತ ಮೇಲೋ?

ಉತ್ತರ: ಅದೂ ಕೂಗುವುದೇ, 224.0.0.251ರಲ್ಲಿ, ಪೋರ್ಟ್ 5353.

ಪ್ರಶ್ನೆ: ಮಾಲೀಕರು ಮಾಡಬಹುದಾದದ್ದು?

ಉತ್ತರ: ರೌಟರಿನ ಯುಪಿಎನ್‌ಪಿ ಆಫ್ ಮಾಡಬಹುದು. ಕೆಲವು ಆನ್‌ಲೈನ್ ಆಟಗಳು ಮುನಿಸಿಕೊಳ್ಳಬಹುದು. ಟಿವಿ-ಫೋನಿನ ಕೂಗಾಟ ಮಾತ್ರ ಬಹುಮಟ್ಟಿಗೆ ನಡೆದೇ ಇರುತ್ತದೆ. ಗಿರಾಕಿಗೆ ಗೆಸ್ಟ್ ವೈಫೈ ಕೊಡಬಹುದು. ಫರ್ಮ್‌ವೇರ್ ಅಪ್‌ಡೇಟ್ ಬಂದಿದ್ದರೆ ಹಾಕಿಕೊಳ್ಳಬಹುದು.

ಪ್ರಶ್ನೆ: ಇದನ್ನೆಲ್ಲ ಮಾಡುವ ರೌಟರಿನ ಸೆಟ್ಟಿಂಗ್ ಪುಟದ ಪಾಸ್‌ವರ್ಡ್?

ಉತ್ತರ: ಡಬ್ಬಿಯ ಅಡಿಯ ಚೀಟಿಯಲ್ಲಿದೆ. ಕೇಬಲ್ ಹುಡುಗ ಜೋಡಿಸಿ ಹೋದಾಗಿನಿಂದ ಅದೇ ಇದೆ. ಮೊದಲು ಅದನ್ನು ಬದಲಿಸುವುದು ಒಳ್ಳೆಯದು.