ಗುಳ್ಳೆಯೊಂದಕ್ಕೆ ಊರೆಲ್ಲ ಡಾಕ್ಟರು

ಹೊಟ್ಟೆನೋವು ಬಂದರೆ ಅದು ನಿಮ್ಮೊಬ್ಬರದು. ಮೈಮೇಲೆ ಏನಾದರೂ ಎದ್ದಿತೋ, ಅದು ಸಾರ್ವಜನಿಕ ಆಸ್ತಿ. ಬಸ್ಸಿನಲ್ಲಿ ಪಕ್ಕ ಕೂತವರಿಗೂ ಅದರ ಮೇಲೆ ಹಕ್ಕಿದೆ. “ಏನ್ರೀ ಅದು?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಔಷಧ ಹೇಳಿ, ಮುಂದಿನ ಸ್ಟಾಪಿನಲ್ಲಿ ಇಳಿದುಹೋಗುತ್ತಾರೆ.

ನನ್ನ ಮುಂಗೈ ಮೇಲೆ ಉಂಗುರದಂಥದ್ದೊಂದು ಎದ್ದಾಗ ಮನೆಯಲ್ಲಿ ಮದುವೆ. ಅತ್ತೆ, “ಇಸುಬು ಕಣೋ, ಬದನೆಕಾಯಿ ಬಿಡು” ಎಂದರು. ದೊಡ್ಡಪ್ಪ ಪಿತ್ತವೆಂದು ತೀರ್ಮಾನಿಸಿ ನಿಂಬೆಹಣ್ಣು ತಿಕ್ಕಲು ಹೇಳಿದರು. ಭಾವ ಜೇಬಿನಿಂದ ಟ್ಯೂಬನ್ನೇ ತೆಗೆದ. ಕನ್ನಡಕ ಹಾಕಿಕೊಂಡು ಕೈ ನೋಡಿದವರು ಮಾತ್ರ ಒಬ್ಬರೂ ಇಲ್ಲ.

ಚರ್ಮದ ಡಾಕ್ಟರಮ್ಮ ಕೈಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ಅಂಚು ಉಬ್ಬಿದೆ, ಅಂಚಿನಲ್ಲೇ ಹೊಟ್ಟು, ನಡು ತಿಳಿಯಾಗಿದೆ. ಹುಳುಕಡ್ಡಿ! ಹುಳವಲ್ಲ, ಬೂಷ್ಟಿನ ಬಳಗ. ಭಾವನ ಟ್ಯೂಬಿನಲ್ಲಿದ್ದದ್ದು ಸ್ಟಿರಾಯ್ಡ್. ಅದು ಕೆಂಪನ್ನೂ ತುರಿಕೆಯನ್ನೂ ಅಡಗಿಸಿ, ಬೂಷ್ಟನ್ನು ಒಳಗೊಳಗೇ ಹಬ್ಬಲು ಬಿಡುತ್ತದೆ. ಆಮೇಲೆ ಉಂಗುರದ ಆಕಾರವೂ ಕೆಟ್ಟು ಡಾಕ್ಟರಿಗೇ ಗುರುತು ಸಿಗುವುದಿಲ್ಲ.

ನೋಡುವುದಕ್ಕೂ ಒಂದು ಕ್ರಮವಿದೆ. ಬಣ್ಣ ಬೇರೆ, ಆದರೆ ಬೆರಳಾಡಿಸಿದರೆ ಏನೂ ತಗಲದಿದ್ದರೆ ಕಲೆ. ಗಟ್ಟಿಯಾಗಿ ತಗಲಿದರೆ ಗುಳ್ಳೆ, ನೀರು ತುಂಬಿದ್ದರೆ ಬೊಕ್ಕೆ. ತುರಿಕೆ ರಾತ್ರಿ ಪಾಳಿಯದಾಗಿ, ಬೆರಳ ಸಂದಿಯಲ್ಲಿದ್ದರೆ ಕಜ್ಜಿ ಇರಬಹುದು. ಆಗ ಮದ್ದು ಮನೆಮಂದಿಗೆಲ್ಲ. ಗಂಧೆ ಮಹಾ ಕಿಲಾಡಿ. ಒಂದೊಂದು ದದ್ದೂ ಸಾಮಾನ್ಯವಾಗಿ 24 ಗಂಟೆಯೊಳಗೆ ಗುರುತಿಲ್ಲದೆ ಮಾಯ. ನಿಮ್ಮ ಟೋಕನ್ ಬರುವಷ್ಟರಲ್ಲಿ ತೋರಿಸಲು ಏನೂ ಇರುವುದಿಲ್ಲ. ಮೊಬೈಲಿನಲ್ಲಿ ಫೋಟೊ ಹಿಡಿದಿಟ್ಟುಕೊಳ್ಳಿ.

ಗೌರವ ಸಿಗುವುದು ಸರ್ಪಸುತ್ತಿಗೆ ಮಾತ್ರ. ಹೆಡೆಯೂ ಬಾಲವೂ ಕೂಡಿದರೆ ಆಯಸ್ಸು ಮುಗಿಯಿತೆಂಬ ನಂಬಿಕೆಯಲ್ಲವೇ! ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಕೆಮ್ಮಣ್ಣು ಬಳಿದುಕೊಂಡು, ಹಾವು ಎಷ್ಟು ಮುಂದೆ ಬಂತೆಂದು ಬೆಳಿಗ್ಗೆ ಸಂಜೆ ಟೇಪು ಹಿಡಿದು ಅಳೆಸುತ್ತಿದ್ದರು. ಅಳೆಯುವ ಕೆಲಸ ಅವರ ಹೆಂಡತಿಯದು. ಇಂಚು ತಪ್ಪಿದರೆ ಬೈಗುಳ ಬೇರೆ. ಅಸಲಿಗೆ ಅಲ್ಲಿರುವುದು, ಚಿಕ್ಕಂದಿನಲ್ಲೆಂದೋ ಬಂದ ಸೀತಾಳೆ ಸಿಡುಬಿನ ವೈರಸ್. ನರದ ಬುಡದಲ್ಲಿ ವರ್ಷಗಟ್ಟಲೆ ಮಲಗಿದ್ದು, ಮೈ ಸೋತಾಗ ಎದ್ದು ಅದೇ ನರದ ದಾರಿ ಹಿಡಿಯುತ್ತದೆ. ಆ ನರ ಮೈಯ ಒಂದೇ ಮಗ್ಗುಲಿನದು. ಹಾಗಾಗಿ ಬೊಕ್ಕೆಗಳು ನಡುಗೆರೆಯ ಹತ್ತಿರ ಬಂದು ನಿಲ್ಲುತ್ತವೆ, ಹೆಡೆ ಬಾಲ ಕೂಡುವ ಮಾತೇ ಇಲ್ಲ. ಮಾತ್ರೆ 72 ಗಂಟೆಯೊಳಗೆ ಶುರುವಾದರೆ ಹೆಚ್ಚು ಗುಣ. ನಮ್ಮವರಿಗೆ ಅಷ್ಟು ಹೊತ್ತು ಕೆಮ್ಮಣ್ಣು ಹುಡುಕುವುದಕ್ಕೇ ಬೇಕು.

ಇನ್ನು ತೊನ್ನು. ಹಾಲುಬಿಳುಪು, ಯಾರಿಗೂ ಅಂಟುವುದಿಲ್ಲ. ಅಂಟುವುದು ಸಂಬಂಧ ನೋಡಲು ಬಂದವರ ಬಾಯಿ ಮಾತ್ರ. ಇಷ್ಟೆಲ್ಲ ಸಲಹೆಗಾರರ ಕಣ್ಣಿಗೆ ಬೀಳದೆ ಉಳಿಯುವುದು ಒಂದೇ: ಮಂಕಾಗಿ ಬಿಳಿಚಿದ, ನೋಯದ, ತುರಿಸದ, ಮುಟ್ಟಿದರೂ ಗೊತ್ತಾಗದ ಮಚ್ಚೆ. ಉಳಿದದ್ದಕ್ಕೆ ಬೇಕಾದರೆ ಅತ್ತೆಯನ್ನು ಕೇಳಿ. ಇದನ್ನು ಮಾತ್ರ ಇವತ್ತೇ ಡಾಕ್ಟರಿಗೆ ತೋರಿಸಿ. ಅದು ಕುಷ್ಠವೇ ಆಗಿದ್ದರೂ ವಾಸಿಯಾಗುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಪುಕ್ಕಟೆ.