ಹೊಸ ಸಂವಿಧಾನಕ್ಕೊಂದು ಮೀಟಿಂಗು

ಹಂಪನಕಟ್ಟೆಯ ಹೋಟೆಲು. ಗೋಳಿಬಜೆ ಬರುವುದರೊಳಗೆ ರಾಯರಿಗೆ ದೇಶದ ಚಿಂತೆ ಹತ್ತಿತು.

"ಶೆಟ್ರೇ, ರಾಜ್ಯಗಳೆಲ್ಲ ಸೇರಿ ಹೊಸ ಸಂವಿಧಾನ ಸಭೆ ಕರೆಯಬೇಕು ಮಾರಾಯ್ರೆ. ಅಮೆರಿಕದಲ್ಲಿ ಮೂರನೇ ಎರಡರಷ್ಟು ರಾಜ್ಯಗಳು ಕೇಳಿದರೆ ಸಾಕಂತೆ."

"ಹಾಗೆ ಕೇಳಿ ಸಭೆ ಆದದ್ದುಂಟಾ?"

"ಇಲ್ಲ. ಆದರೆ ದಾರಿ ಉಂಟಲ್ಲ!"

"ನಮ್ಮ 368ನೇ ವಿಧಿಯಲ್ಲಿ ಅದೂ ಇಲ್ಲ. ತಿದ್ದುವುದು ಸಂಸತ್ತು, ಕೆಲವಕ್ಕೆ ಅರ್ಧದಷ್ಟು ರಾಜ್ಯಗಳು ಹೂಂ ಅನ್ನಬೇಕು. ಅದಕ್ಕೂ ಬೇಲಿ ಹಾಕಿಸಿದ್ದು ನಮ್ಮ ಕಾಸರಗೋಡಿನ ಎಡನೀರು ಸ್ವಾಮಿಗಳು. ಮಠದ ಭೂಮಿಗೆಂದು ಕೋರ್ಟಿಗೆ ಹೋದರು. 1973ರಲ್ಲಿ 13 ನ್ಯಾಯಮೂರ್ತಿಗಳು ಕೂತು, 7–6ರಲ್ಲಿ, ಮೂಲ ಸ್ವರೂಪ ಮುಟ್ಟಬೇಡಿ ಅಂದರು."

"ಅದಕ್ಕೇ ಹೊಸತು ಬೇಕೆನ್ನುವುದು! ಕರಡು ಬರೆದ ಬಿ.ಎನ್. ರಾಯರು ಕೆನರಾ ಹೈಸ್ಕೂಲಿನವರು. ನಾನೂ ಅಲ್ಲಿಯವನೇ."

(ಎಷ್ಟನೇ ಕ್ಲಾಸಿನವರೆಗೆ ಎಂದು ಯಾರೂ ಕೇಳಲಿಲ್ಲ.)

"ಅವರ ಕರಡನ್ನು ಅಂಬೇಡ್ಕರ್ ಸಮಿತಿ ತಿದ್ದಿ, ಸಭೆ ಚರ್ಚಿಸಿ, ಮುಗಿಯುವಾಗ ಹತ್ತಿರ ಹತ್ತಿರ 3 ವರ್ಷ. ಅದಿರಲಿ, ನಿಮ್ಮ ಫ್ಲ್ಯಾಟಿನ ಬೈಲಾ ಎಲ್ಲಿಗೆ ಬಂತು?"

"ಪಾರ್ಕಿಂಗಿನಲ್ಲೇ ನಿಂತಿದೆ. ಎರಡನೇ ಮಹಡಿಯವರು ಸಭಾತ್ಯಾಗ ಮಾಡಿದರು."

"ಕೋರಂ?"

"ಮೀನಿನ ಗಾಡಿ ಬಂದಾಗ ಎಲ್ಲ ಕೆಳಗಿಳಿಯುತ್ತಾರಲ್ಲ, ಆಗ ಭರ್ತಿ."