ಆಟಿ ತಿಂಗಳ ಅಗ್ಗದ ಟಿಕೆಟ್

ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿದ ಅಳದಂಗಡಿ ಸೀಮೆಯ ಕುಟುಂಬಗಳು ಊರಿಗೆ ಬರುವ ಕಾಲವನ್ನು ನಿರ್ಧರಿಸುವುದು ಪಂಚಾಂಗವಲ್ಲ, ಮಕ್ಕಳ ಶಾಲೆ. ದುಬೈ, ಶಾರ್ಜಾಗಳ ಶಾಲೆಗಳಿಗೆ ದೊಡ್ಡ ರಜೆ ಸಿಗುವುದು ಜುಲೈ, ಆಗಸ್ಟ್ ತಿಂಗಳುಗಳಲ್ಲಿ. ತುಳುನಾಡಿನಲ್ಲಿ ಅದು ಆಟಿಯ ಕಾಲ, ಅಂದರೆ ಮದುವೆ, ಗೃಹಪ್ರವೇಶ, ನೇಮ, ಕಂಬಳ ಯಾವುದೂ ಇಲ್ಲದೆ ಮಳೆಯೊಂದೇ ಕಾರ್ಯಕ್ರಮವಾಗಿರುವ ಅವಧಿ. ವರ್ಷದ ಅತಿ ದುಬಾರಿ ಟಿಕೆಟ್ ಕೊಂಡು, ಆಟಿ ಅಮಾವಾಸ್ಯೆಯ ಬೆಳಿಗ್ಗೆ ಪಾಲೆ ಮರದ ತೊಗಟೆಯ ಕಹಿ ಕಷಾಯ ಕುಡಿಯಲು ಬರಬೇಕಾದ ಈ ಸಂಕಟದಿಂದಲೇ ‘ತುಂಡು ಯಾನ’ವೆಂಬ ಗೃಹಶಾಸ್ತ್ರ ಹುಟ್ಟಿರಬೇಕೆಂದು ಊಹಿಸಲು ಅಡ್ಡಿಯಿಲ್ಲ.

ತುಂಡು ಯಾನವೆಂದರೆ ನೇರವಾಗಿ ಮುಗಿಯಬಹುದಾದ ಪ್ರಯಾಣವನ್ನು ಎರಡು ಮೂರು ವಿಮಾನ ನಿಲ್ದಾಣಗಳಿಗೆ ಹಂಚಿ, ಒಂದೊಂದು ತುಂಡಿಗೂ ಬೇರೆ ಟಿಕೆಟ್ ಕೊಳ್ಳುವ ಕ್ರಮ. ಒಂದೇ ವಿಮಾನದ ಒಂದೇ ಬಗೆಯ ಸೀಟುಗಳನ್ನು ಕಂಪನಿಗಳು ಹಲವು ದರಗಳಲ್ಲಿ ಮಾರುವುದರಿಂದಲೂ, ಅಗ್ಗದ ದರದವು ಮೊದಲು ಖಾಲಿಯಾಗುವುದರಿಂದಲೂ, ಎಲ್ಲರೂ ಬಯಸುವ ನೇರ ಯಾನದ ಬೆಲೆ ಏರುತ್ತ ಹೋಗಿ, ಯಾರಿಗೂ ಬೇಡವಾದ ಸುತ್ತು ದಾರಿ ಕೆಲವೊಮ್ಮೆ ಅಗ್ಗವಾಗಿಯೇ ಉಳಿಯುತ್ತದೆ. ಬಜಪೆಯ ನಿಲ್ದಾಣ 1951ರ ಡಿಸೆಂಬರ್ 25ರಂದು ನೆಹರೂ ಅವರ ಆಗಮನದೊಂದಿಗೆ ಆರಂಭವಾಗಿ, 2006ರಲ್ಲಿ ಅಲ್ಲಿಂದ ದುಬೈಗೆ ನೇರ ವಿಮಾನವೂ ಬಂದಿದ್ದರೂ, ಶಾಸ್ತ್ರ ಬಲ್ಲ ಯಜಮಾನರು ಅದನ್ನು ಅನನುಭವಿಗಳ ದಾರಿಯೆಂದು ಬದಿಗಿಡುತ್ತಾರೆ. 2018ರ ಡಿಸೆಂಬರ್‌ನಲ್ಲಿ ಕಣ್ಣೂರು ನಿಲ್ದಾಣ ತೆರೆದ ಮೇಲಂತೂ ಅವರ ಲೆಕ್ಕಾಚಾರಕ್ಕೆ ಇನ್ನೊಂದು ಬಾಗಿಲು ಸಿಕ್ಕಿತು.

ಶಾಸ್ತ್ರದ ಪರಮಾವಧಿ ಇರುವುದು ಶಾರ್ಜಾದಿಂದ ಮಸ್ಕತ್, ಮಸ್ಕತ್‌ನಿಂದ ಮುಂಬೈ, ಮುಂಬೈಯಿಂದ ಬೆಂಗಳೂರು ಎಂಬಂಥ ಯೋಜನೆಯಲ್ಲಿ. ಒಂದು ಪ್ರಯಾಣದ ಖರ್ಚಿನಲ್ಲಿ ಇಷ್ಟೊಂದು ನಿಲ್ದಾಣ ನೋಡಿದಂತಾಯಿತೆಂದು ಯಜಮಾನರು ಮಕ್ಕಳನ್ನು ಒಪ್ಪಿಸುತ್ತಾರೆ. ಮಕ್ಕಳೂ ಬೋರ್ಡಿಂಗ್ ಪಾಸುಗಳನ್ನು ಜೋಡಿಸಿಟ್ಟುಕೊಂಡು ಒಪ್ಪುತ್ತಾರೆ. ಒಪ್ಪದವರು ಯಜಮಾನತಿ ಮಾತ್ರ, ಮತ್ತು ಅವರ ಆಕ್ಷೇಪಕ್ಕೆ ಬಲವಾದ ಆಧಾರವಿದೆ. ಇಡೀ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ಸಂಖ್ಯೆಯಲ್ಲಿ ಇದ್ದರೆ ಮೊದಲ ವಿಮಾನ ತಡವಾದಾಗ ಮುಂದಿನ ದಾರಿ ತೋರಿಸುವುದು ಕಂಪನಿಯ ಹೊಣೆ. ಟಿಕೆಟ್‌ಗಳು ಬೇರೆಯಾದರೆ ತಪ್ಪಿದ ವಿಮಾನದ ಹಣ ಹೋದಂತೆಯೇ. ನಡುದಾರಿಯಲ್ಲಿ ಪೆಟ್ಟಿಗೆಗಳನ್ನು ಬಿಡಿಸಿಕೊಂಡು ಮತ್ತೆ ತೂಗಿಸಬೇಕಾಗಿ ಬಂದರೆ ಅದಕ್ಕಾಗಿ ಆ ದೇಶದೊಳಗೆ ಕಾಲಿಡಬೇಕು, ಕಾಲಿಡಲು ಅಲ್ಲಿನ ವೀಸಾ ನಿಯಮ ಒಪ್ಪಬೇಕು. ಈ ಆಕ್ಷೇಪಗಳಿಗೆಲ್ಲ ಯಜಮಾನರು ಎಕ್ಸೆಲ್ ಹಾಳೆಯಲ್ಲಿ ಉತ್ತರ ಕೊಡುತ್ತಾರೆ. ಆ ಹಾಳೆಯಲ್ಲಿ ನಿಲ್ದಾಣದ ಚಹಾ ಮತ್ತು ದೋಸೆಯ ಕಾಲಂ ಇರುವುದಿಲ್ಲ; ನಾಲ್ಕು ಜನ ಏಳು ಗಂಟೆ ಕಾಯುವಾಗ ಉಳಿತಾಯ ಕರಗುವುದು ಸಾಮಾನ್ಯವಾಗಿ ಅಲ್ಲಿಯೇ.

ಬೆಂಗಳೂರಿನಲ್ಲಿ ಇಳಿದವರಿಗೆ ಧರ್ಮಸ್ಥಳದ ರಾತ್ರಿ ಬಸ್ಸು ಬಾಕಿಯಿರುತ್ತದೆ. ಮಳೆಗಾಲದ ಘಾಟಿ ದಾಟಿ, ಉಜಿರೆ, ಬೆಳ್ತಂಗಡಿ, ಗುರುವಾಯನಕೆರೆಗಳ ಮೇಲೆ ಅವರು ಮನೆ ತಲುಪುವಾಗ, ಅದೇ ದಿನ ನೇರ ವಿಮಾನದಲ್ಲಿ ಹೊರಟವರು ಬಜಪೆಯಲ್ಲಿಳಿದು, ಗಂಜಿ ಉಂಡು, ಒಂದು ನಿದ್ದೆಯನ್ನೂ ಮುಗಿಸಿರುತ್ತಾರೆ. “ಅಲ್ಲ ಮಗಾ, ಬಜಪೆಗೆ ವಿಮಾನ ಇರಲಿಲ್ಲವಾ?” ಎಂಬ ತಾಯಿಯ ಒಂದು ಪ್ರಶ್ನೆಯನ್ನು ಎದುರಿಸುವ ಶಕ್ತಿ ಎಷ್ಟೇ ಕಾಲಂಗಳಿರುವ ಹಾಳೆಗೂ ಇಲ್ಲ.

ಮರುಪ್ರಯಾಣದ ಸಮಸ್ಯೆ ತೂಕದ್ದು. ಮೊದಲ ಟಿಕೆಟ್‌ನಲ್ಲಿ ಮೂವತ್ತು ಕಿಲೋ ಲಗೇಜಿಗೆ ಅವಕಾಶವಿದ್ದರೂ ಎರಡನೆಯ ಅಗ್ಗದ ಟಿಕೆಟ್‌ನಲ್ಲಿ ಕೈಚೀಲದ ಏಳು ಕಿಲೋ ಮಾತ್ರ ಇರಬಹುದಾದ್ದರಿಂದ, ಕುಚ್ಚಲಕ್ಕಿ ಮೊದಲ ಸುತ್ತಿನಲ್ಲೇ ಹೊರಬೀಳುತ್ತದೆ. ಪುನರ್ಪುಳಿ ಶರಬತ್ತು ನೂರು ಮಿಲಿಲೀಟರ್ ಮೀರಿದರೆ ಕೈಚೀಲದಲ್ಲಿ ಒಯ್ಯುವಂತಿಲ್ಲ. ತೆಂಗಿನ ನಾಡಿನವರಿಗೆ ಅತ್ಯಂತ ಅವಮಾನಕರವಾದ ಸಂಗತಿಯೆಂದರೆ, ಒಣ ಕೊಬ್ಬರಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದೆಂಬ ಕಾರಣಕ್ಕೆ ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ 1363ನೆಯ ಸಂಖ್ಯೆ ಪಡೆದು ಕುಳಿತಿದೆ. ಹಗುರವೂ ನಿರಪಾಯಕರವೂ ಆದ ಹಲಸಿನ ಹಪ್ಪಳವೊಂದೇ ಹೀಗೆ ಎಲ್ಲ ಪರೀಕ್ಷೆಗಳಲ್ಲಿ ತೇರ್ಗಡೆಯಾಗುವುದರಿಂದ, ತುಂಡು ಯಾನ ನಂಬಿದ ಮನೆಗಳಲ್ಲಿ ಕಳೆದ ಆಟಿಯ ಹಪ್ಪಳದ ಕಟ್ಟು ಬಿಚ್ಚುವ ಮೊದಲೇ ಈ ಆಟಿಯದು ಬಂದು ಸೇರುತ್ತದೆ.